ಎರಡೇ ಬೆರಳಿನ ಪುಣ್ಯಾತ್ಮ

ನನ್ನ ಗಂಡ ಸಿಟ್ಟು ಮಾಡಿದರೆ ನನಗೇನೂ ಭಯವಿಲ್ಲ, ಸುಮ್ಮನಾದರೆ ಮಾತ್ರ ಜೀವ ಹಾರಿಹೋಗುತ್ತದೆ. ಗಣಿ ದುಡ್ಡು ಬಳ್ಳಾರಿಯಲ್ಲಿ ಕುಣಿಯುತ್ತಿದ್ದ ಕಾಲವದು. ಮದುವೆ ಅಂದಮೇಲೆ ಆರ್ಕೆಸ್ಟ್ರಾ ಇರಲೇಬೇಕು. ನಮ್ಮವರು ಅಂಥದೊಂದು ತಂಡದಲ್ಲಿ ಗಿಟಾರ್ ಬಾರಿಸುತ್ತಿದ್ದರು, ನಾನು ಮನೆಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದೆ. "ನಿನ್ನ ಮಷಿನ್ ಸದ್ದಿಗೆ ನನ್ನ ಶ್ರುತಿ ಕೆಡತೈತಿ ನೋಡಲೇ" ಎಂದು ಅವರು, "ಶ್ರುತಿ ಕೆಟ್ರ ಕೆಡಲಿ, ಹೊಟ್ಟಿ ತುಂಬ್ಸೋದು ಮಷಿನ್ನೇ" ಎಂದು ನಾನು. ದಿನ ಬೆಳಗಾದರೆ ಇದೇ ಜಗಳ.

ಸಿರುಗುಪ್ಪದ ಒಂದು ಮದುವೆಗೆ ಸಾಮಾನು ಸಾಗಿಸಲು ಮದುಮಗನ ಕಡೆಯವರು ಅದಿರಿನ ಲಾರಿಯನ್ನೇ ಕಳಿಸಿದ್ದರು. ಸ್ಪೀಕರ್ ಇಳಿಸುವಾಗ ಅದರ ಹಿಂದಿನ ಬಾಗಿಲು ಕಳಚಿ ನಮ್ಮವರ ಎಡಗೈ ಮೇಲೆ ಬಿತ್ತು. ಕೈ ಉಳಿಯಿತು. ಆದರೆ ಉಂಗುರಬೆರಳು, ಕಿರುಬೆರಳು ಮಡಚಿದ್ದು ಮಡಚಿದಂತೆಯೇ ನಿಂತುಬಿಟ್ಟವು. ಗಿಟಾರಿನ ತಂತಿ ಒತ್ತಬೇಕಾದ್ದು ಅದೇ ಕೈ.

ತಂಡದವರು ಒಳ್ಳೆಯವರು. "ಬರ್ರಿ, ಸ್ಟೇಜ್ ಮ್ಯಾಲೆ ಸುಮ್ನ ಕುಂದರ್ರಿ, ನಿಮ್ಮ ಪಾಲು ನಿಮಗ ಐತಿ" ಎಂದರು. "ಕನಿಕರದ ಕೂಳು ನನಗ ಬ್ಯಾಡ" ಎಂದರು ಇವರು. ನಾಲ್ಕು ಬೆರಳಿನ ಕೆಲಸವನ್ನು ಎರಡರಿಂದ ಮಾಡಲು ಹೋಗಿ, ಆಗದೆ, ಗಿಟಾರನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದರು. ಆಮೇಲೆ ಮಾತೇ ಇಲ್ಲ. ನಾನು ಬೇಕೆಂದೇ ಮಷಿನ್ ಜೋರಾಗಿ ತುಳಿದರೂ ಬೈಯಲಿಲ್ಲ. ಬೈಯದ ಗಂಡನ ಜೊತೆ ಹೇಗೆ ಬಾಳುವುದು, ದೇವರೇ, ಅನ್ನಿಸಿಬಿಟ್ಟಿತು.

ಇವರಿಗೆ ಗಿಟಾರ್ ಕಲಿಸಿದ ಮಾಸ್ತರು ಕಂಟೋನ್ಮೆಂಟಿನಲ್ಲಿದ್ದರು, ಚರ್ಚಿನಲ್ಲಿ ಬಾರಿಸುವವರು. ಒಂದು ದಿನ ಸಿಡಿ ಹಿಡಿದು ಬಂದರು. "ಇದು ಜಾಝ್. ಇದನ್ನ ಬಾರಿಸಿದವ ಪರದೇಶದವ. ಎಡಗೈಯಾಗಿನ ಎರಡು ಬೆರಳು ಬೆಂಕ್ಯಾಗ ಸುಟ್ಟು ಸೆಟೆದುಹೋಗಿದ್ವು. ಉಳಿದೆರಡರಾಗ ಬಾರಿಸ್ಯಾನ. ಹಿಂದ ಕುಂತು ತಾಳ ಕೊಡೋ ಗಿಟಾರನ್ನ ಮುಂದ ತಂದು ಕುಂದ್ರಿಸಿದವ್ರಾಗ ಇವ ದೊಡ್ಡವ" ಎಂದರು.

ಜಾಝ್ ಎಂದರೇನೆಂದು ನನಗೆ ಇವತ್ತಿಗೂ ತಿಳಿಯದು. ಸಿಡಿ ಹಾಕಿದ್ದೇ ತಡ, ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಸ್ವರಗಳು ಚಟಪಟ ಸಿಡಿದವು. ನನಗೆ ಹಿಡಿಸಿದ್ದು ಬೇರೆ. ಅಷ್ಟು ಪೆಟ್ಟು ತಿಂದವನ ಸಂಗೀತದಲ್ಲಿ ನರಳಾಟ ಒಂಚೂರೂ ಇರಲಿಲ್ಲ, ಬರೀ ತುಂಟತನ.

ನಮ್ಮವರು ಪೂರ್ತಿ ಕೇಳಿ, "ಸುಳ್ಳು" ಎಂದರು. "ಇದರಾಗ ಮೂರು ಗಿಟಾರ್ ಅದಾವ. ಹೆಸರು ಒಬ್ಬಂದು, ಬೆರಳು ಮಂದೀವು. ನನ್ನ ಸಮಾಧಾನಕ್ಕ ಕಥಿ ಕಟ್ಟೀರಿ."

"ಉಳಿದವ್ರು ಬರೇ ತಾಳ ಕೊಡ್ತಾರೋ, ರಾಗ ಇವಂದ ಐತಿ" ಎಂದು ಮಾಸ್ತರು ಎಷ್ಟು ಹೇಳಿದರೂ ಕೇಳಲೊಲ್ಲರು. ನನಗೆ ಸಿಟ್ಟು ನೆತ್ತಿಗೇರಿತು. "ಕಣ್ಣಾರೆ ನೋಡಿದ್ರರ ನಂಬ್ತೀರೇನು? ಏಳ್ರಿ!" ಎಂದು ಇಬ್ಬರನ್ನೂ ಸೈಬರ್ ಸೆಂಟರಿಗೆ ಹೊರಡಿಸಿದೆ.

ಮಾಸ್ತರು ಹುಡುಕಿ ತೆಗೆದದ್ದು ಅವನು ಬಾರಿಸುವ ಹಳೆಯ ಕಪ್ಪುಬಿಳುಪು ವಿಡಿಯೊ. ನೆಟ್ಟೋ, ಎಮ್ಮೆ ನಡಿಗೆ. ಕೈ ಕಾಣಿಸುವ ಹೊತ್ತಿಗೆ ಸರಿಯಾಗಿ ನಿಂತುಬಿಟ್ಟಿತು. ಒಳ್ಳೆಯದೇ ಆಯಿತು. ಎರಡು ಬೆರಳು ಓಡಲು ಸಜ್ಜಾಗಿದ್ದವು, ಎರಡು ಮಡಚಿಕೊಂಡಿದ್ದವು. ನಮ್ಮವರು ತಮ್ಮ ಕೈ ನೋಡಿಕೊಂಡರು, ಮತ್ತೆ ಪರದೆ ನೋಡಿದರು. ಚಿತ್ರ ಮುಂದೆ ಹೋದದ್ದೇ ಕುರ್ಚಿಯಿಂದ ಎದ್ದು ಕೂಗಿದರು: "ಲೇ, ಇವನ ಕೈ ಅಡ್ಡ ಹೋಗಂಗಿಲ್ಲ, ಉದ್ದ ಓಡತೈತಿ!"

ಕೈಯನ್ನು ಒಂದೇ ಕಡೆ ಇಟ್ಟು ನಾಲ್ಕು ಬೆರಳು ಚಾಚುವ ಬದಲು, ಅವನು ಎರಡನ್ನೇ ತಂತಿಯುದ್ದಕ್ಕೂ ಓಡಿಸುತ್ತಿದ್ದನಂತೆ. ಮಡಚಿದ ಬೆರಳುಗಳನ್ನೂ ಪೂರ್ತಿ ಬಿಟ್ಟಿಲ್ಲ, ಆಗಾಗ ತಂತಿ ಒತ್ತಿ ಹಿಡಿಯಲು ಬಳಸುತ್ತಾನೆ ಎಂದು ಮಾಸ್ತರು ತೋರಿಸಿದರು. ಅವತ್ತೇ ಗಿಟಾರ್ ಅಟ್ಟದಿಂದ ಇಳಿಯಿತು. ಎಲ್ಲಿಯವನೋ, ಯಾವ ಭಾಷೆಯವನೋ ಆ ಪುಣ್ಯಾತ್ಮ, ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದೆ.

ತಿಂಗಳುಗಟ್ಟಲೆ ಒದ್ದಾಡಿ, ಕುರುಗೋಡಿನ ಒಂದು ಮದುವೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಸ್ಟೇಜ್ ಹತ್ತಿದರು. ನಾನು ಹೆಂಗಸರ ಸಾಲಿನಲ್ಲಿ ಎಲೆ ಮುಂದೆ ಕೂತಿದ್ದೆ. ಕಣ್ಣು ಸ್ಟೇಜಿನ ಮೇಲೆ, ಅನ್ನ ಬರೀ ಕಲಸುತ್ತಲೇ ಇದ್ದೆ. ಯಾರಾದರೂ ಆ ಕೈ ನೋಡಿ "ಅಯ್ಯೋ ಪಾಪ" ಅಂದರೆ ಮುಗಿಯಿತು, ಇವರು ಮತ್ತೆ ಗಿಟಾರ್ ಮುಟ್ಟುವವರಲ್ಲ.

ಎರಡನೇ ಹಾಡು ನಡೆದಿತ್ತು. ಮದುಮಗಳ ಸೋದರಮಾವ, ಗಣಿಯ ಗುತ್ತಿಗೆದಾರ, ಎದ್ದವನೇ ಸೀದಾ ಇವರ ಮುಂದೆ ಹೋಗಿ ನಿಂತ. ನಾನು ಎಲೆ ಬಿಟ್ಟು ಅರ್ಧ ಎದ್ದೆ.

"ಏನಪಾ ಗಿಟಾರು, ಕಿವಿ ಹರಿಯಂಗ ಬಾರಸಾಕತ್ತೀಯಲ್ಲ! ಬೀಗರು ಮಾತಾಡೋದು ಕೇಳವಲ್ದು. ಸಣ್ಣಗ ಮಾಡು!" ಎಂದು ಗದರಿಸಿ, ಕೈಯತ್ತ ನೋಡದೆಯೇ ಹೋದ.

ನಮ್ಮವರು ನನ್ನತ್ತ ತಿರುಗಿ ಹಲ್ಲು ಕಿಸಿದರು. ಸದ್ದು ಸಣ್ಣಗೆ ಮಾಡಿದರೆ ಕೇಳಿ, ಇನ್ನೂ ಜೋರು ಮಾಡಿದರು! ನಾನು ಎಲೆ ಮುಂದೆಯೇ ಅತ್ತುಬಿಟ್ಟೆ.

"ಯಾಕವ್ವಾ, ಸಾರು ಖಾರ ಆತೇನು?" ಎಂದಳು ಪಕ್ಕದವಳು.

"ಹೂನವ್ವಾ, ಭಾಳ ಖಾರ" ಎಂದೆ. ಮತ್ತೊಂದು ಸೌಟು ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡೆ.