ಸ್ಕೂಟರಿನಿಂದ ಬಿದ್ದವನ ದೂರು

ಚಂದಕವಾಡಿಯ ಟೈಲರ್ ಶಿವರಾಮುವಿಗೆ ಠಾಣೆಯ ಪೊಲೀಸರ ಸೊಂಟದ ಅಳತೆಯೆಲ್ಲ ಬಾಯಿಪಾಠ. ಅವರ ಪ್ಯಾಂಟು ಹೊಲಿಯುತ್ತಿದ್ದವನು ಅವನೇ. ಅಷ್ಟಕ್ಕೇ ತನಗೆ ಅಲ್ಲಿ ಭಾರೀ ಇನ್‌ಫ್ಲುಯೆನ್ಸ್ ಇದೆ ಎಂದು ನಂಬಿಕೊಂಡಿದ್ದ. ಯಾವುದೋ ಜಗಳಕ್ಕೆ ಪೊಲೀಸರು ಭಾಮೈದ ಸೋಮಯ್ಯನನ್ನು ಹಿಡಿದುಕೊಂಡು ಹೋದಾಗ ಹೆಂಡತಿ ಮೀನಾಳಿಗೆ, "ಅಳ್ಬೇಡ ಸುಮ್ಕಿರು. ನಾನೋಗಿ ಒಂದ್ಮಾತು ಏಳ್ತೀನಿ" ಎಂದು ಹೊರಟ.

ಆ ಒಂದು ಮಾತು ಮುಗಿಯುವ ಮೊದಲೇ ಹೆಡ್ ಕಾನ್‌ಸ್ಟೆಬಲ್ ಅವನನ್ನು ಒಳಗೆಳೆದು, ಬೆಂಚಿನ ಮೇಲೆ ಬಗ್ಗಿಸಿ, ಲಾಠಿಯಿಂದ ಬಾರಿಸಿದ. ಹಿಂದಿನ ವಾರವಷ್ಟೇ ಅವನ ಪ್ಯಾಂಟನ್ನು ಎರಡಿಂಚು ಸಡಿಲ ಮಾಡಿಕೊಟ್ಟಿದ್ದ ಶಿವರಾಮುವಿಗೆ, ಈತ ಇಷ್ಟು ಸಲೀಸಾಗಿ ಬಗ್ಗಿ ಬಗ್ಗಿ ಬಾರಿಸುವುದಕ್ಕೆ ತನ್ನ ಕೈಗುಣವೂ ಕಾರಣವಿರಬೇಕು ಅನ್ನಿಸಿತು.

ಸಂಜೆ ಇಬ್ಬರನ್ನೂ ಬಿಟ್ಟರು. ಸ್ಕೂಟರಿನಿಂದ ಬಿದ್ದೆ ಎಂದು ಶಿವರಾಮು ಊರಿಗೆಲ್ಲ ಹೇಳಿದ. ಆಸ್ಪತ್ರೆಯಲ್ಲೂ ಹಾಗೇ ಬರೆಸಿದ. ಮಾರನೇ ದಿನ ಕೂರಲಾಗದೆ ನಿಂತೇ ಮಿಷನ್ ತುಳಿಯಲು ಹೋಗಿ ಯಾರದೋ ರವಿಕೆಯ ತೋಳನ್ನು ಕತ್ತಿಗೆ ಹೊಲಿದುಬಿಟ್ಟ.

ಬಾಸುಂಡೆಗೆ ಎಣ್ಣೆ ಹಚ್ಚುತ್ತಾ ಮೀನಾ ಕೇಳಿದಳು: "ಸ್ಕೂಟ್ರು ಇಂಗೆ ಸಾಲ್‌ಸಾಲಾಗಿ ಒಡೀತದಾ? ನಡೀರಿ, ಲಾಯರ್ ತಾವ್ಕೆ."

ಚಾಮರಾಜನಗರದ ವಕೀಲೆ ಕಾವ್ಯಶ್ರೀ ಎಲ್ಲ ಕೇಳಿದರು. "ಗಾಯ ಮಾಸೋಕೆ ಮುಂಚೆ ಡಾಕ್ಟರ ಹತ್ರ ನಿಜ ಬರೆಸಿ. ಠಾಣೆ ಕ್ಯಾಮೆರಾದ ರೆಕಾರ್ಡಿಂಗ್ ಅಳಿಸಬಾರದು ಅಂತ ಇವತ್ತೇ ಅರ್ಜಿ ಹಾಕೋಣ. ಎಸ್ಪಿಯವರಿಗೊಂದು ದೂರು, ಪೊಲೀಸ್ ದೂರು ಪ್ರಾಧಿಕಾರಕ್ಕೊಂದು. ಕೇಸ್ ತಗೊಳ್ಳದಿದ್ರೆ ನಾವೇ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು."

"ಎಲ್ಗೆ ಒಡುದ್ರು ಅಂತ್ಲೂ ಬರೀಬೇಕಾ ಮೇಡಂ?" ಎಂದ ಶಿವರಾಮು.

"ಬರೀಲೇಬೇಕು."

ಡಾಕ್ಟರು ಮೊದಲು ಬೈದರು. ಆಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಕೋಲಿನ ಹೊಡೆತದ ಗುರುತು ಎಂದು ಬರೆದುಕೊಟ್ಟರು.

ಎರಡು ತಿಂಗಳಿಗೆ ದೂರು ಪ್ರಾಧಿಕಾರದಲ್ಲಿ ವಿಚಾರಣೆ ಬಂತು. "ಮೊದಲು ಸ್ಕೂಟರ್ ಅಂದಿದ್ರಲ್ಲ?" ಎಂದು ಅಧಿಕಾರಿ ಕೇಳಿದರು.

"ಅಂದಿದ್ದೆ ಸ್ವಾಮಿ. ಪೊಲೀಸ್ರೆಲ್ಲಾ ನಮ್ಮೋರೇ ಅಂತ ಊರ್ಗೆಲ್ಲಾ ಏಳ್ಕಂಡು ತಿರುಗ್ತಿದ್ದೆ. ನಮ್ಮೋರೇ ಬಗ್ಗಿಸ್ಕಂಡು ಒಡುದ್ರು ಅನ್ನಕೆ ಯಾವ ಮಕ ಇತ್ತು?"

ಗುಮಾಸ್ತ ನಗು ತಡೆದುಕೊಂಡ. ಶಿವರಾಮುವೂ ನಗಲು ನೋಡಿದ, ಆಗಲಿಲ್ಲ. ಮೀನಾ ನೀರಿನ ಬಾಟಲಿ ಕೊಟ್ಟಳು. ಕುಡಿದು, ಮಿಕ್ಕದ್ದನ್ನೆಲ್ಲ ಒಂದನ್ನೂ ಬಿಡದೆ ಹೇಳಿದ.

ಎಳೆದೊಯ್ದದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಹೆಡ್ ಕಾನ್‌ಸ್ಟೆಬಲ್ ಅಮಾನತಾದ. ಕೋರ್ಟಿನ ಕೇಸು ಇನ್ನೂ ನಡೆಯುತ್ತಿದೆ. ವಾಯಿದೆಯ ದಿನ ಗಂಡಹೆಂಡಿರು ಅಂಗಡಿಗೆ ಬೀಗ ಹಾಕಿ ಬೆಳಗಿನ ಬಸ್ಸು ಹತ್ತುತ್ತಾರೆ.