ಏಳು ದಿನದ ಕಾಗದ

ಮಸ್ಕತ್ತಿನಲ್ಲಿ ನನ್ನ ಫೋನಿಗೆ ಮೋಸ ಹೋಗದ ಕನ್ನಡಿಗ ಒಬ್ಬನಿದ್ದರೆ ಬರಲಿ, ನಾನೇ ಹಾರ ಹಾಕುತ್ತೇನೆ. ಈ ಪ್ರಾಯದಲ್ಲೂ ಹತ್ತು ಜನರ ದನಿ ನನ್ನ ಗಂಟಲಲ್ಲಿದೆ. ಡಾಕ್ಟರ ದನಿ ತೆಗೆದು ಸ್ನೇಹಿತನೊಬ್ಬನಿಗೆ ತಿಂಗಳಿಡೀ ಹಾಗಲಕಾಯಿ ರಸ ಕುಡಿಸಿದವನು ನಾನು. ಅದನ್ನೆಲ್ಲ ಜಂಬದಿಂದ ಹೇಳಿಕೊಂಡು ತಿರುಗಿದ ಮೇಲೆ ಇದನ್ನೂ ನಾನೇ ಹೇಳಬೇಕು.

ಮಸ್ಕತ್ತಿನ ಖುರುಮ್ ಬಡಾವಣೆಯ ನಮ್ಮ ಕಂಪನಿಗೆ ಬಾಸ್ಕೆಟ್‌ಬಾಲ್ ತಂಡವಿದೆ. ಆಟ ಬಲ್ಲವರಿಗೆ ಸ್ಟೋರಿನಲ್ಲೋ ಆಫೀಸಿನಲ್ಲೋ ಕೆಲಸ ಕೊಟ್ಟು ವೀಸಾ ಮಾಡಿಸುತ್ತಾರೆ. ತಂಡ ನೋಡಿಕೊಳ್ಳುವವನು ನಾನು. ಲೀಗ್ ನಡೆಸುವ ಕಂಪನಿಗಳು ತಮ್ಮೊಳಗೇ ಮಾಡಿಕೊಂಡ ನಿಯಮ ಒಂದುಂಟು: ಕರಾರು ಮುಗಿದ ಆಟಗಾರನಿಗೆ ಬೇರೆ ಕಂಪನಿ ಹೆಚ್ಚಿನ ಸಂಬಳದ ಕಾಗದ ಕಳಿಸಬಹುದು. ಆದರೆ ಏಳು ದಿನದೊಳಗೆ ಹಳೆಯ ಕಂಪನಿ ಅಷ್ಟೇ ಸಂಬಳ ಕೊಡುತ್ತೇವೆಂದರೆ ಅವನು ಎಲ್ಲಿಗೂ ಹೋಗುವಂತಿಲ್ಲ. ಅವನಿಗೆ ಏನು ಬೇಕೆಂದು ಯಾರೂ ಕೇಳುವುದಿಲ್ಲ.

ನಮ್ಮ ತಂಡದ ಅತಿ ಎತ್ತರದ ಆಟಗಾರ ಮಂಗಳೂರು ಕಡೆಯವನು. ಹೆಂಡತಿ ಎರಡು ಗಂಟೆ ದಾರಿಯಾಚೆಯ ನಿಜ್ವಾದಲ್ಲಿ ನರ್ಸ್, ಏಳು ತಿಂಗಳ ಬಸುರಿ. ಶುಕ್ರವಾರ ಮ್ಯಾಚ್ ಮುಗಿಸಿ ನಿಜ್ವಾಕ್ಕೆ ಓಡಿದರೆ ಶನಿವಾರ ವಾಪಸು. ಅಷ್ಟೇ ಅವರ ಸಂಸಾರ. ಅವನ ಕರಾರು ಮುಗಿಯಿತು, ನಿಜ್ವಾದ ಒಂದು ಕಂಪನಿಯಿಂದ ಕಾಗದ ಬಂತು. ಹೆಚ್ಚಿನ ಸಂಬಳ, ಜೊತೆಗೆ ಎರಡು ಕೋಣೆಯ ಮನೆ. ಆಸಾಮಿ ಮರುದಿನವೇ ಮತ್ರಾ ಪೇಟೆಗೆ ಹೋಗಿ ತೊಟ್ಟಿಲು ತಂದ.

ನಮ್ಮ ಮ್ಯಾನೇಜರು ಮೈಸೂರಿನವರು, ಕೆಟ್ಟವರಲ್ಲ. ಮಗು ಬೇರೆ ಬರುತ್ತಿದೆ, ಹೋಗಲಿ ಬಿಡಿ, ಏಳು ದಿನ ಸುಮ್ಮನಿದ್ದರಾಯಿತು ಎಂದಿದ್ದರು.

ಆರನೆಯ ದಿನ ನನ್ನ ನಾಲಗೆ ತುರಿಸಿತು. ಹೊಸ ಸಿಮ್ ಹಾಕಿ, ಕರಾವಳಿಯವರಾದ ನಿಜ್ವಾ ಕಂಪನಿಯ ಯಜಮಾನರ ಎಳೆದೆಳೆದು ಮಾತಾಡುವ ದನಿಯಲ್ಲಿ ಮ್ಯಾನೇಜರಿಗೆ ಫೋನು ಹಚ್ಚಿದೆ.

"ನಿಮ್ಮಿಂದ ಆಗುದಿಲ್ಲಾಂತ ಗೊತ್ತುಂಟು ಮಾರಾಯ್ರೆ. ಒಬ್ಬನನ್ನು ಸಾಕ್ಲಿಕ್ಕೆ ಆಗದವ್ರು ತಂಡ ಯಾಕೆ ಕಟ್ಟಿದ್ದು? ಉಳಿದವ್ರನ್ನೂ ಕಳ್ಸಿ, ನಾವು ಊಟ ಹಾಕ್ತೇವೆ."

ಅವರು ಪಟ್ಟನೆ ಫೋನಿಟ್ಟರು. ನಾನು ಹೊಟ್ಟೆ ಹಿಡಿದು ನಕ್ಕೆ. ನಾಳೆ ಚಹಾ ಕುಡಿಯುವಾಗ ಹೇಳಿ ಇನ್ನೊಮ್ಮೆ ನಗುವುದೆಂದುಕೊಂಡೆ.

ಬೆಳಿಗ್ಗೆ ಹೋಗುವಷ್ಟರಲ್ಲಿ, ಹಟಕ್ಕೆ ಬಿದ್ದ ಮ್ಯಾನೇಜರು ಲೀಗಿಗೆ ನಮ್ಮ ಕಾಗದ ಮುಟ್ಟಿಸಿದ್ದರು. ಅಷ್ಟೇ ಸಂಬಳ, ಎರಡು ವರ್ಷ. ಮನೆಯ ಲೆಕ್ಕ ನಿಯಮದಲ್ಲಿರಲಿಲ್ಲ, ನಾವು ಕೊಡಬೇಕಾಗಿಯೂ ಇರಲಿಲ್ಲ.

ಮ್ಯಾನೇಜರ ಎದುರು ಕೂತು ಎಲ್ಲ ಒಪ್ಪಿಕೊಂಡೆ. ಅವರು ಕಾಗದದ ನಕಲನ್ನು ನನ್ನತ್ತ ತಳ್ಳಿದರು.

"ಕಂಪನಿ ಮಾಲೀಕರು, ನಮ್ಮ ಕಫೀಲ್, ಸೈನ್ ಹಾಕ್ಬಿಟ್ರು ಸಾರ್. ಈಗ ಹೋಗಿ, ನಮ್ಮ ಮುದುಕರು ತಮಾಷೆ ಮಾಡಿದ್ರು ಅಂತ ಹೇಳ್ಲಾ? ಖಲಾಸ್."

ಸುದ್ದಿಯನ್ನು ಆಟಗಾರನಿಗೆ ನಾನೇ ಮುಟ್ಟಿಸಿದೆ. ಸ್ಟೋರಿನಲ್ಲಿ ಪೈಪುಗಳನ್ನು ಜೋಡಿಸುತ್ತಿದ್ದ. ಫೋನಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವನು ಬೈಯಲಿಲ್ಲ. "ಎರಡು ವರ್ಷವಾ ಅಣ್ಣ?" ಎಂದು ಕೇಳಿ, ಮತ್ತೆ ಪೈಪಿಗೆ ಕೈಹಾಕಿದ.

ಹೆಣ್ಣು ಮಗು ಹುಟ್ಟಿದ್ದು ಮಂಗಳವಾರ. ಅವನು ನೋಡಿದ್ದು ಶುಕ್ರವಾರ, ಮ್ಯಾಚ್ ಆದ ಮೇಲೆ. ಹೆರಿಗೆ ರಜೆ ಮುಗಿದಾಗ ಮಗುವನ್ನು ಬಿಟ್ಟು ಡ್ಯೂಟಿಗೆ ಹೋಗಲು ಅವಳಿಗೆ ದಾರಿಯಿರಲಿಲ್ಲ. ಇಲ್ಲಿಗೆ ಬರೋಣವೆಂದರೆ ಅವನಿದ್ದದ್ದು ನಾಲ್ವರು ಗಂಡಸರ ಕೋಣೆ. ಕೆಲಸ ಬಿಟ್ಟು ಊರಿಗೆ ಹೊರಟಳು.

ಏರ್‌ಪೋರ್ಟಿಗೆ ಬಿಟ್ಟದ್ದು ನಾನು. ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸಿಕೊಂಡು ಕೂತವಳು ಅರ್ಧ ದಾರಿಯಲ್ಲಿ ಬಾಯಿಬಿಟ್ಟಳು.

"ಆ ದನಿ ಒಮ್ಮೆ ಮಾಡಿ ಅಣ್ಣ. ಹೇಗಿತ್ತೂಂತ ನಾನೂ ಕೇಳ್ಬೇಕು."

ನನ್ನ ಪಕ್ಕದ ಸೀಟಿನಲ್ಲಿ ಅವನು ಕಿಟಕಿಯಾಚೆ ನೋಡುತ್ತಿದ್ದ. ನಾನು ಮಾಡಿದೆ. ಚೆನ್ನಾಗಿಯೇ ಬಂತು.

"ಸರಿ ಉಂಟು," ಎಂದಳು.

ಅಂದು ಶುಕ್ರವಾರ. ತಾಯಿ ಮಗುವನ್ನು ಒಳಗೆ ಕಳಿಸಿ ನಾವಿಬ್ಬರು ಅಲ್ಲಿಂದ ನೇರ ಆಟದ ಕೋರ್ಟಿಗೆ ಬಂದೆವು. ಅವನು ಕಾರಿನಲ್ಲೇ ಜೆರ್ಸಿ ಹಾಕಿಕೊಂಡ. ಮೊದಲರ್ಧದಲ್ಲಿ ಅವನ ಕೈಯಿಂದ ಒಂದು ಬಾಲೂ ತಪ್ಪಲಿಲ್ಲ. ಉಳಿಸಿಕೊಂಡದ್ದು ಲಾಭವೇ ಆಯಿತು ಎಂದು ಪಕ್ಕದಲ್ಲಿ ಕೂತ ಮ್ಯಾನೇಜರು ಚಪ್ಪಾಳೆ ತಟ್ಟಿದರು.

ವಿರಾಮದಲ್ಲಿ ನೀರು ಕುಡಿಯಲು ನನ್ನ ಬೆಂಚಿನ ಹತ್ತಿರ ಬಂದ. ವಿಮಾನ ಇಷ್ಟು ಹೊತ್ತಿಗೆ ಹೊರಟಿತಾ ಎಂದು ಕೇಳಿದ. ಗಡಿಯಾರ ನೋಡಿ, ಇನ್ನೂ ಒಂದು ಗಂಟೆ ಬೇಕು ಎಂದೆ. ಬಾಟಲಿಯನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟು, ಆಡಲು ಹೋದ.