ಸೇತುವೆ ದಾಟಿದ ಕೂಡಲೇ ನಿಲ್ಲುವ ವ್ಯಾನು

ಸ್ಕ್ಯಾನರ್ ಹಚ್ಚಿದರೆ ಗಾಡಿಯ ರೋಗ ತಾನಾಗಿ ಗೊತ್ತಾಗುತ್ತದೆ ಎಂದು ಜನ ತಿಳಿದಿದ್ದಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಬೆಳಗಾವಿಯ ಖಾನಾಪುರ ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಗಾಡಿಗಳ ವೈರಿಂಗ್ ಕೆಲಸದಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಈಗಿನ ಗಾಡಿಯಲ್ಲಿ ಎಂಜಿನ್ನಿಗೊಂದು, ಬ್ರೇಕಿಗೊಂದು, ಮೀಟರಿಗೊಂದು ಕಂಟ್ರೋಲ್ ಡಬ್ಬಿ ಇರುತ್ತದೆ. ಹೆಣೆದ ಎರಡು ವೈರುಗಳ ಮೇಲೆ ಅವು ಒಂದಕ್ಕೊಂದು ಸುದ್ದಿ ಹೇಳಿಕೊಳ್ಳುತ್ತಿರುತ್ತವೆ. ಒಂದು ಸುಮ್ಮನಾದರೆ ಉಳಿದವು ದೂರುತ್ತವೆ. ಸ್ಕ್ಯಾನರ್ ತೋರಿಸುವುದು ಆ ದೂರನ್ನು ಮಾತ್ರ. ಯಾಕೆ ಸುಮ್ಮನಾಯಿತು ಎಂಬುದನ್ನು ವೈರು ಅಳೆಯುವ ಮೀಟರ್ ಹಿಡಿದು, ಕೈ ಹೊಲಸು ಮಾಡಿಕೊಂಡು ಹುಡುಕಬೇಕು.

ಶಾಲೆ ಶುರುವಾಗಿ ಸ್ವಲ್ಪ ದಿನವಾಗಿತ್ತು. ಒಂದು ರವಿವಾರ ಮುಂಜಾನೆ ಖಾನಾಪುರದ ಕಡೆಯ ಹೆಣ್ಣುಮಗಳೊಬ್ಬಳು ಹಳದಿ ಶಾಲಾ ವ್ಯಾನನ್ನು ತಾನೇ ಓಡಿಸಿಕೊಂಡು ಬಂದಳು. ಹಿಂದಿನ ಸೀಟಿನಲ್ಲಿ ಅವಳ ಅತ್ತೆ, ತೊಡೆಯ ಮೇಲೊಂದು ಕೈಚೀಲ.

“ಅಣ್ಣಾರ, ಗಾಡಿ ಬ್ಯಾರೆ ಎಲ್ಲೂ ನಿಂದರೂದಿಲ್ಲ್ರಿ. ಮಲಪ್ರಭಾ ಸೇತುವಿ ದಾಟಿದ ಕೂಡ್ಲೇ ನಿಂದರತೈತಿ. ಒಂದೀಟು ಹೊತ್ತು ಬಿಟ್ರ ಮತ್ತ ಚಾಲೂ ಆಕ್ಕೈತಿ” ಎಂದಳು. ಆಮೇಲೆ ಅತ್ತೆಗೆ ಕೇಳಿಸದಂತೆ ದನಿ ಇಳಿಸಿದಳು. “ನಮ್ಮ ಮನಿಯವರು ಹೋಗಿದ್ದೂ ಅಲ್ಲೇ ರೀ.”

ವ್ಯಾನು ಗಂಡನದು. ಅವನು ಬೈಕ್ ಮೇಲೆ ಬರುವಾಗ ಆ ಜಾಗದಲ್ಲಿ ಲಾರಿ ತಾಗಿ ತೀರಿಕೊಂಡಿದ್ದ. ಅವನ ನಂತರ ಇವಳು ಗಾಡಿ ಕಲಿತು, ಲೈಸೆನ್ಸ್ ಮಾಡಿಸಿ, ಅವೇ ಮಕ್ಕಳನ್ನು ಅದೇ ಹಾದಿಯಲ್ಲಿ ಶಾಲೆಗೆ ಬಿಡುತ್ತಿದ್ದಳು; ಅತ್ತೆಯೂ ಜೊತೆಗೆ ಹೋಗುತ್ತಿದ್ದಳು. ವ್ಯಾನು ಅಲ್ಲಿಯೇ ನಿಲ್ಲತೊಡಗಿದಾಗ ಮನೆಯಲ್ಲಿ ಬೇರೆ ಮಾತು ಎದ್ದಿತು. ಹೆಂಡತಿ ಗಾಡಿ ಓಡಿಸುವುದು ಅವನಿಗೆ ಮನಸ್ಸಿಲ್ಲ, ಅದಕ್ಕೇ ಅವನು ಹಿಡಿದು ನಿಲ್ಲಿಸುತ್ತಾನೆ ಎಂದು. ಅತ್ತೆಯೂ ಅದನ್ನು ನಂಬಿದ್ದಳು.

“ಇವತ್ತು ರಿಪೇರಿ ಆಗಲಿಲ್ಲಂದ್ರ ಗಾಡಿ ಮಾರಿಬಿಡೂದು ಅಂತ ಅತ್ತಿ ಅಂದಾರ್ರಿ. ಆಮ್ಯಾಲ ನಾ ಮನ್ಯಾಗ ಕುಂದ್ರೂದು, ಅಷ್ಟ.”

ಸತ್ತವರ ವಿಚಾರ ನನ್ನ ಖಾತೆಯದಲ್ಲ, ವೈರಿನ ವಿಚಾರ ನನ್ನದು ಎಂದುಕೊಂಡು ಬಾನೆಟ್ ಎತ್ತಿದೆ. ಮೊದಲ ಸಲ ನಿಂತಾಗ ಅವರೂರಿನ ಮೆಕ್ಯಾನಿಕ್ ಒಬ್ಬ ಬಂದು ಬ್ಯಾಟರಿಯ ಸಡಿಲಾದ ಟರ್ಮಿನಲ್ ಬಿಗಿ ಮಾಡಿದ್ದನಂತೆ. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಪಂಡಿತ ಸುಮ್ಮನಿರಲಿಲ್ಲ. ಬ್ಯಾಟರಿಯ ಪಕ್ಕದ ಎಂಜಿನ್ ಡಬ್ಬಿಯ ಪ್ಲಗ್ ಕಿತ್ತು ತೋರಿಸಿ, ಇದು ಗಾಡಿಯ ಮೆದುಳು, ಇದೇ ಕೆಟ್ಟಿದೆ, ಬದಲಿಸಬೇಕು ಎಂದು ಹೇಳಿ ಹೋಗಿದ್ದ.

ಸ್ಕ್ಯಾನರ್ ಹಚ್ಚಿದೆ. ಎಂಜಿನ್ ಡಬ್ಬಿ ಮಾತಾಡುತ್ತಿಲ್ಲ ಎಂದು ಬ್ರೇಕಿನ ಡಬ್ಬಿಯ ದೂರು, ಮೀಟರಿನ ಡಬ್ಬಿಯದೂ ಅದೇ ದೂರು. ಎರಡೂ ಹಳೆಯವು. ಈಗ ಎಲ್ಲವೂ ಚೆನ್ನಾಗಿಯೇ ಮಾತಾಡುತ್ತಿದ್ದವು. ದೂರು ಅಳಿಸಿ ಎಂಜಿನ್ ಎಷ್ಟು ಹೊತ್ತು ಚಾಲೂ ಇಟ್ಟರೂ ಗಾಡಿ ಸಾಧು ಆಕಳ ಹಾಗೆ ಇತ್ತು, ಒಮ್ಮೆಯೂ ಬಂದಾಗಲಿಲ್ಲ. ಇಂಥ ಗಾಡಿಗಳ ಮೇಲೆ ನನಗೆ ಕೆಟ್ಟ ಸಿಟ್ಟು. ಸೇತುವೆಗೇ ಹೋಗೋಣ ಎಂದೆ.

“ಅಮಾಸಿ ಹತ್ತರ ಬಂದೈತಿ, ಇವತ್ತ ಅಲ್ಲಿಗೆ ಬ್ಯಾಡ ತಮ್ಮಾ” ಎಂದಳು ಅತ್ತೆ.

“ವೈರಿಗೆ ಅಮಾಸಿ ಹುಣ್ಣಿವಿ ಗೊತ್ತಿಲ್ಲ್ರಿ ಅಜ್ಜಿ, ಕುಂದರ್ರಿ” ಎಂದೆ.

ಸೊಸೆ ಗಾಡಿ ಚೆನ್ನಾಗಿ ಓಡಿಸುತ್ತಿದ್ದಳು. ಅವಳ ಪಕ್ಕದಲ್ಲಿ ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ತಗ್ಗು ಬಂದಲ್ಲೆಲ್ಲ ಅವಳು ನಿಧಾನ ಮಾಡುತ್ತಿದ್ದಳು. ಸೇತುವೆಯ ಮೇಲಿನ ರಸ್ತೆ ಮಾತ್ರ ನುಣ್ಣಗಿತ್ತು, ಗಾಡಿಗೆ ಓಟ ಬಂತು. ಸೇತುವೆ ಮುಗಿದು ರಸ್ತೆ ಕೂಡುವಲ್ಲಿ ಜೋಡಿನ ಪಟ್ಟಿ ದಿಣ್ಣೆಯಂತೆ ಎದ್ದಿತ್ತು, ದೂರದಿಂದ ಕಾಣುವಂಥದ್ದಲ್ಲ. ಗಾಲಿ ಧಡ್ ಎಂದಿತು. ಮೀಟರಿನ ದೀಪಗಳೆಲ್ಲ ಒಮ್ಮೆಲೇ ಹತ್ತಿದವು, ಎಂಜಿನ್ ನಿಂತಿತು, ಸ್ಕ್ಯಾನರಿನಲ್ಲಿ ಎಂಜಿನ್ ಡಬ್ಬಿಯ ಸಾಲು ಮಾಯವಾಯಿತು. ಅವಳು ಹೇಗೋ ಬದಿಗೆ ತಂದು ನಿಲ್ಲಿಸಿದಳು.

ನನಗಂತೂ ಖುಷಿಯಾಯಿತು. ರೋಗ ಕಣ್ಣೆದುರು ಬಂದರೆ ನಮ್ಮಂಥವರಿಗೆ ನಾಚಿಕೆಯಿಲ್ಲದ ಖುಷಿ. ಹಿಂದೆ ಮುದುಕಿ ಅಳುತ್ತಿದ್ದದ್ದು ಆಮೇಲೆ ಕೇಳಿಸಿತು.

ಬ್ಯಾಟರಿ ಬಿಚ್ಚಿ, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿನಲ್ಲಿ ಸುದ್ದಿಯ ಆ ಎರಡು ವೈರುಗಳಿಗೆ ಅಳೆಯುವ ಮೀಟರ್ ಹಚ್ಚಿದೆ. ಎರಡೂ ತುದಿಗಳು ಕೂಡಿದ್ದರೆ ಅರವತ್ತು ಓಮ್ ತೋರಿಸಬೇಕು. ಒಂದು ತುದಿ ತಪ್ಪಿದರೆ ನೂರಿಪ್ಪತ್ತು; ಆ ತುದಿಗಳಲ್ಲಿ ಒಂದು ಎಂಜಿನ್ ಡಬ್ಬಿಯೊಳಗೇ ಇರುತ್ತದೆ. ತೋರಿಸಿದ್ದು ನೂರಿಪ್ಪತ್ತು. ಸೊಸೆಯ ಕೈಗೆ ಮೀಟರ್ ಕೊಟ್ಟು, ಓದುತ್ತ ಇರು ಎಂದು ಹೇಳಿ, ಮುಂದೆ ಬಂದು ಎಂಜಿನ್ ಡಬ್ಬಿಯ ಪ್ಲಗ್ ಅಲುಗಾಡಿಸಿದೆ.

“ಅರವತ್ತು ರೀ. ನೂರಿಪ್ಪತ್ತು. ಮತ್ತ ಅರವತ್ತು ಅಣ್ಣಾರ!” ಅವಳ ದನಿ ಏರುತ್ತ ಹೋಯಿತು.

ರೋಗ ಪ್ಲಗ್ಗಿನಲ್ಲೇ ಇತ್ತು. ಕೀಳಬೇಕು ಎನ್ನುವಷ್ಟರಲ್ಲಿ ಹಿಂದೆ ತೆಂಗಿನಕಾಯಿ ಒಡೆದ ಸಪ್ಪಳವಾಯಿತು. ಮುದುಕಿ ಹೋಳು ಹಿಡಿದುಕೊಂಡು ಬಂದವಳೇ ನನ್ನ ಕೈ ಸರಿಸಿ, ನೀರನ್ನೆಲ್ಲ ಆ ಡಬ್ಬಿಯ ಮೇಲೆಯೇ ಸುರಿದಳು. ಅದರ ಮೇಲೊಂದು ಚಿಟಿಕೆ ಕುಂಕುಮ.

“ಅಜ್ಜಿ! ಏನ್ ಮಾಡಾಕತ್ತೀರಿ?” ನಾನು ಕೂಗಿಯೇಬಿಟ್ಟೆ.

“ಮೆದುಳು ಕೆಟ್ಟೈತಿ ಅಂದಿದ್ನಲ್ಲೋ ತಮ್ಮಾ ಆ ಮೆಕ್ಯಾನಿಕ್ಕು. ಅವತ್ತಿಂದ ಅಮಾಸಿಗೊಮ್ಮೆ, ಸೋಮವಾರಕ್ಕೊಮ್ಮೆ ಇದಕ್ಕ ಹಾಕಾಕತ್ತೇನಿ. ಇಲ್ಲಿ ನಿಂತಾಗೂ ಹಾಕತೇನಿ.”

ಅಮಾವಾಸ್ಯೆಗೆ ಗಾಡಿಗೆ ಕಾಯಿ ಒಡೆಯುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ನೀರು ಗಾಲಿಗೆ ಹೋಗುತ್ತದೆ, ರಸ್ತೆಗೆ ಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಕಂಟ್ರೋಲ್ ಡಬ್ಬಿಯನ್ನೇ ಹುಡುಕಿ ಅಭಿಷೇಕ ಮಾಡಿದವಳನ್ನು ನಾನು ನೋಡಿದ್ದು ಅದೇ ಮೊದಲು. ಪ್ಲಗ್ ಕಿತ್ತೆ. ಆ ಪಂಡಿತ ಹಾಕುವಾಗ ಒಳಗಿನ ರಬ್ಬರ್ ಮಡಚಿ ಕೂತಿತ್ತು, ನೀರು ಇಳಿಯಲು ಅಷ್ಟು ಸಂದು ಸಾಕು. ಒಳಗೆ ಹುಳಿ ವಾಸನೆ, ಪಿನ್ನುಗಳ ಮೇಲೆ ಹಸಿರು ಕಿಲುಬು, ಸುತ್ತ ಕೆಂಪು ರಾಡಿ. ಸುದ್ದಿಯ ಪಿನ್ನೂ ಅದರ ಪಕ್ಕದ ಕರೆಂಟಿನ ಪಿನ್ನೂ ತಿಂದುಹೋಗಿದ್ದವು. ಏಟು ಬಿದ್ದಾಗ ಎರಡೂ ಬಿಟ್ಟುಕೊಂಡು ಡಬ್ಬಿ ಸಾಯುತ್ತಿತ್ತು, ಮತ್ತೆ ತಾಗಿದಾಗ ಬದುಕುತ್ತಿತ್ತು.

ಸೊಸೆ ಬಂದು ನೋಡಿದಳು. ಅವಳಿಗೆ ಕೂಡಲೇ ತಿಳಿಯಿತು. ಅತ್ತೆಯ ಬೆನ್ನ ಹಿಂದೆ ನಿಂತು ನನಗೆ ಬೇಡ, ಬೇಡ ಎಂದು ತಲೆಯಾಡಿಸಿದಳು. ಅವಳ ಗಾಡಿ ಉಳಿಸುವ ಸಾಕ್ಷಿ ನನ್ನ ಕೈಯಲ್ಲಿತ್ತು, ಅದನ್ನು ಮುಚ್ಚಿಡು ಎನ್ನುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಏನು ಹೇಳುವುದೆಂದು ನಾನು ಯೋಚಿಸುವಷ್ಟರಲ್ಲಿ ಮುದುಕಿಯೇ ಬಗ್ಗಿ ಪ್ಲಗ್ಗಿನೊಳಗೆ ನೋಡಿದಳು.

“ಇದು ನಾ ಹಾಕಿದ ಕುಂಕುಮ ಅಲ್ಲೇನು?”

“ಹೌದ್ರಿ.”

“ನಾ ಹಾಕಿದ ನೀರಿಗೇ ಗಾಡಿ ನಿಂದ್ರಾಕತ್ತಿತ್ತೇನು?”

“ಹೌದ್ರಿ ಅಜ್ಜಿ. ನಿಮ್ಮ ನೀರು, ಮತ್ತ ಆ ಜೋಡಿನ ಏಟು. ಬ್ಯಾರೆ ಏನೂ ಇಲ್ಲ್ರಿ.”

ಅವಳು ರಸ್ತೆಯ ಕಡೆ ತಿರುಗಿದಳು. “ಹಂಗಾರ ಅಂವ ಇಲ್ಲೆ ಇಲ್ಲ” ಎಂದಳು. “ಗಾಡಿ ನಿಂತಾಗೊಮ್ಮೆ ಅಂವ ಬಂದಾನ ಅಂತ ತಿಳಕೊಂಡಿದ್ದೆ.”

ಈ ಜಾಗಕ್ಕೆ ಅವಳು ಹೆದರುತ್ತಾಳೆ ಎಂದು ನಾನು ತಿಳಿದಿದ್ದೆ. ಅವಳಿಗೆ ಇದ್ದದ್ದು ಬರೀ ಹೆದರಿಕೆಯಲ್ಲ. ಹೇಳಬಾರದಿತ್ತೇ ಎನ್ನಿಸಿತು, ಆದರೆ ಹೇಳಿಯಾಗಿತ್ತು. ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆಯ ಕಡೆ ತಿರುಗಿದಳು.

“ಗಾಡಿ ಮಾರೂದು ಬ್ಯಾಡ. ಅವಂದೇನೂ ತಕರಾರಿಲ್ಲ. ನೀನ ಹೊಡಿ.”

ಪಿನ್ನುಗಳನ್ನು ತಿಕ್ಕಿ ಹೇಗೋ ಶೆಡ್ಡಿನ ತನಕ ತಂದೆವು. ಹೊಸ ಪ್ಲಗ್ ಹಾಕಿದೆ, ರಬ್ಬರನ್ನು ಬೆರಳಿನಿಂದ ಸುತ್ತಲೂ ಒತ್ತಿ ಕೂರಿಸಿದೆ. ಡಬ್ಬಿಗೆ ಏನೂ ಆಗಿರಲಿಲ್ಲ.

ಆಮೇಲೆ ಒಮ್ಮೆ ಹೆಡ್‌ಲೈಟ್ ಕೆಲಸಕ್ಕೆ ಬಂದಾಗ ಸೊಸೆ ಹೇಳಿದಳು, ಗಾಡಿ ಈಗ ಅಲ್ಲಿ ನಿಲ್ಲುವುದಿಲ್ಲ. ಅಮಾವಾಸ್ಯೆಯ ದಿನ ಮಾತ್ರ, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ, ಸೇತುವೆ ದಾಟಿದ ಕೂಡಲೇ ಅವಳೇ ಬ್ರೇಕ್ ಒತ್ತುತ್ತಾಳೆ. ಅತ್ತೆ ಇಳಿದು ಕಾಯಿ ಒಡೆದು ನೀರನ್ನು ಮುಂದಿನ ಗಾಲಿಗೆ ಹಾಕುತ್ತಾಳೆ, ಬಾನೆಟ್ ಮುಟ್ಟುವುದಿಲ್ಲ. ಆಮೇಲೆ ಒಂದಿಷ್ಟು ಹೊತ್ತು ಇಬ್ಬರೂ ವ್ಯಾನಿನಲ್ಲಿ ಸುಮ್ಮನೆ ಕೂತಿರುತ್ತಾರಂತೆ, ಎಂಜಿನ್ ಚಾಲೂ ಇಟ್ಟುಕೊಂಡೇ.